ಮೂರು ತಾಲೂಕಿಗೆ ಕೇಳಿದ ಗಂಟಲು

ಹಂದಿ ಓಡಿಸುವ ವಿದ್ಯೆಯಲ್ಲಿ ನಮ್ಮೂರಿನ ಗಂಟಲನ್ನು ಮೀರಿಸಿದ ಗಂಟಲು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಊರಿನ ಅಭಿಮಾನಕ್ಕೆ ಹೇಳುವ ಮಾತಲ್ಲ ಇದು. ಅನುಮಾನ ಇದ್ದವರು ಹಂದಿಗಳನ್ನೇ ಕೇಳಿಕೊಳ್ಳಬಹುದು. ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮ ಅನಾನಸ್ ಹೊಲಗಳು. ಅಲ್ಲಿ ಆ ದನಿ ಒಮ್ಮೆ ಎದ್ದಿತೆಂದರೆ ಹಂದಿಗಳು ಹಾವೇರಿ ಜಿಲ್ಲೆ ದಾಟಿ, ಅಲ್ಲಿಯೂ ಧೈರ್ಯ ಸಾಲದೆ, ಬಳ್ಳಾರಿಯ ಬಿಸಿಲಲ್ಲಿ ಹೋಗಿ ಕೂತು ಸುಧಾರಿಸಿಕೊಳ್ಳುತ್ತಿದ್ದವು. ಯಲ್ಲಾಪುರ ತಾಲೂಕಿನ ಕಿರವತ್ತಿಯಲ್ಲಿ ಅದೇ ದನಿ ಕೇಳಿದ ಗಂಡುಹಂದಿಯೊಂದು ಹೆದ್ದಾರಿಯಲ್ಲಿ ನಿಂತಿದ್ದ ಲಾರಿ ಹತ್ತಿ ಊರು ಬಿಟ್ಟಿತೆಂದು ಧಾಬಾದವರು ಹೇಳುತ್ತಾರೆ. ಲಾರಿಯ ನಂಬರ್ ಕೇಳಿದರೆ ಮಾತ್ರ ಅವರಿಗೆ ನೆನಪಿಲ್ಲ.

ಆ ಗಂಟಲಿನ ಒಡತಿ ಶಿವರಂಜನಿ. ಅಂದಾನಪ್ಪ ಮತ್ತು ಸಾವಿತ್ರವ್ವರ ಒಬ್ಬಳೇ ಮಗಳು, ಈಗ ಹದಿನೆಂಟು ತುಂಬಿದೆ. ನೋಡಲು ಬಿದಿರು ಕಡ್ಡಿಯಷ್ಟು ಸಣಕಲು. ಎಂಟನೇ ಇಯತ್ತೆಯಲ್ಲಿ ಇದ್ದಾಗಿನಿಂದ ಸಂಜೆ ಶಾಲೆ ಬಿಟ್ಟ ಮೇಲೆ ಅಪ್ಪನ ಗೋವಿನಜೋಳದ ಹೊಲದಲ್ಲಿ ಕಟ್ಟಿದ ಅಟ್ಟಣಿಗೆಯ ಮೇಲೆ ಕೂತು ಹೋಂವರ್ಕ್ ಮಾಡುವುದು, ಒಂದು ಲೆಕ್ಕ ಮುಗಿದೊಡನೆ ಎದ್ದು ನಿಂತು ಕೂಗುವುದು, ಮತ್ತೆ ಕೂರುವುದು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತೊಂದು ಬಂತು. ಹಂದಿಗಳ ಕಾಟ ಇನ್ನಷ್ಟು ಇದ್ದಿದ್ದರೆ ನೂರೇ ಬರುತ್ತಿತ್ತು.

ಎರಡು ವರ್ಷದ ಹಿಂದೆ ಕಿರವತ್ತಿಯ ರಾಘು ನಮ್ಮೂರಿಗೆ ಬಂದ. ಅವನದು ಮೊಬೈಲ್ ಅಂಗಡಿ. ಜೊತೆಗೆ ಹೊಲಗಳಿಗೆ ಬ್ಯಾಟರಿ ಸ್ಪೀಕರ್ ಮಾರುತ್ತಾನೆ. ಸ್ಪೀಕರಿಗೆ ಪೆನ್‌ಡ್ರೈವ್ ಸಿಕ್ಕಿಸಿ ಕಂಬಕ್ಕೆ ಕಟ್ಟಿದರೆ ಅದು ಹಗಲಿಗೆ ಮಂಗಗಳನ್ನೂ ಕತ್ತಲಾದ ಮೇಲೆ ಹಂದಿಗಳನ್ನೂ ಬೈಯುತ್ತಾ ಇರುತ್ತದೆ, ಮನುಷ್ಯರು ಮಲಗಬಹುದು. ಅಂದಾನಪ್ಪನಿಗೆ ಸ್ಪೀಕರ್ ಕಟ್ಟಲು ಬಂದವನು ಶಿವರಂಜನಿಯ ಕೂಗು ಕೇಳಿ ಏಣಿಯ ಮೇಲೆ ಹಾಗೇ ನಿಂತುಬಿಟ್ಟ. ಅವನ ಹತ್ತಿರ ಇದ್ದದ್ದು ಯಾರೋ ಗಂಡಸಿನ ದನಿ, ಅಳಿಯನನ್ನು ಊಟಕ್ಕೆ ಕರೆದ ಹಾಗಿತ್ತು. ಅಲ್ಲೇ ಫೋನ್ ತೆಗೆದು ಇವಳ ದನಿಯನ್ನು ಐದು ನಿಮಿಷ ತುಂಬಿಕೊಂಡ. ಮುಂದೆ ಅವನು ಮಾರಿದ ಪ್ರತಿ ಸ್ಪೀಕರಿನಲ್ಲಿ ಶಿವರಂಜನಿ. ಸಿದ್ದಾಪುರ ಕಡೆಯ ಹೆಗ್ಗರಣೆಯ ಬಾಳೆತೋಟದಲ್ಲಿ ಶಿವರಂಜನಿ, ಮತ್ತಿಘಟ್ಟದ ಗದ್ದೆಯಲ್ಲಿ ಶಿವರಂಜನಿ. "ಹೋಯ್, ಹೋಯ್, ಹೋಯ್. ಯಾರಲೇ ಅದು, ಬಂದೆ ನಿಲ್ಲು." ಶಾಸಕರ ಹೆಸರು ಗೊತ್ತಿಲ್ಲದವರಿಗೂ ಈ ದನಿ ಗೊತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ಬೇರೆ. ಶಿರಸಿಯಲ್ಲಿ ಪಿಯುಸಿ ಓದುವಾಗ ಕಾಲೇಜಿನವರು ಸ್ಪರ್ಧೆಗೆ ಕಟ್ಟಿದ ನಾಟಕದಲ್ಲಿ ರಾಣಿಯ ಪಾತ್ರ ಸಿಕ್ಕಿತು. ಆಗಲೇ ತೀರ್ಮಾನ ಮಾಡಿಕೊಂಡಳು: ಮುಂದೆ ಓದಿದರೆ ಅಭಿನಯವನ್ನೇ, ಪದವಿ ಮಾಡಿದರೆ ಅದರಲ್ಲೇ. ಸ್ಪರ್ಧೆಯ ದಿನ ಮೊದಲ ಎರಡು ದೃಶ್ಯದಲ್ಲಿ ಅವಳ ದನಿಗೆ ತಗಡಿನ ಮಾಡು ಒಂದು ಅಂಗುಲ ಮೇಲೆದ್ದು ಕೂತಿತು. ಮೂರನೇ ದೃಶ್ಯದಲ್ಲಿ ಬಾಯಿ ಆಡುತ್ತಿತ್ತು, ಸದ್ದೇ ಇಲ್ಲ. ತೀರ್ಪುಗಾರರು ಇದೊಂದು ಹೊಸ ಪ್ರಯೋಗವೆಂದು ತಿಳಿದು ಎರಡನೇ ಬಹುಮಾನ ಕೊಟ್ಟರು. ಆ ದಿನ ಅವಳು ಊಟ ಮಾಡಲಿಲ್ಲ.

ಗಂಟಲಿನ ಡಾಕ್ಟರು ಒಳಗೆ ಕ್ಯಾಮರಾ ಇಳಿಸಿ ನೋಡಿದರು. ಧ್ವನಿತಂತುಗಳ ಮೇಲೆ ರಾಗಿ ಕಾಳಿನಷ್ಟು ಎರಡು ಗಂಟು. ಹೀಗೇ ಕೂಗುತ್ತಾ ಹೋದರೆ ವರ್ಷ ಎರಡು ವರ್ಷದಲ್ಲಿ ನಾಟಕ ಹಾಗಿರಲಿ, ಮಾತೂ ಗರಗಸ ಎಳೆದ ಹಾಗಾಗುತ್ತದೆ ಅಂದರು. ಕತ್ತರಿ ಬೇಡ, ವಿಶ್ರಾಂತಿ ಕೊಟ್ಟು, ದನಿ ಬಳಸುವುದನ್ನು ಸರಿಯಾಗಿ ಕಲಿಸುವವರ ಕೈಗೆ ಬಿದ್ದರೆ ತಾನಾಗಿ ಕರಗಬಹುದು. ಹಾಗಾಗಿ ಶಿವರಂಜನಿಗೆ ಬೇಕಾದ ಕಾಲೇಜಿನಲ್ಲಿ ಅಭಿನಯವೂ ಇರಬೇಕು, ಧ್ವನಿ ತರಬೇತಿಯೂ ಇರಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಅವಳ ಪಾಲಿಗೆ ಎರಡೂ ಇಲ್ಲ.

ಅಂದಾನಪ್ಪ ಒಳ್ಳೆಯ ಮನುಷ್ಯ, ಮಗಳು ನಾಟಕ ಕಲಿಯುತ್ತಾಳೆಂದರೆ ಬೇಡ ಅನ್ನಲಿಲ್ಲ. ಅವನಿಗೆ ಅರ್ಥವಾಗದೆ ಇದ್ದದ್ದು ಎರಡನೇ ಭಾಗ.

"ನಾಟಕ ಕಲೀ, ಬ್ಯಾಡ ಅಂದೋರ್ಯಾರು? ಆದ್ರ ನಿನಗ ದನಿ ಕಲಿಸಾಕ ಮಾಸ್ತರು ಬೇಕಾ? ಮೂರು ತಾಲೂಕಿಗೆ ಕೇಳಾಕತ್ತೈತಿ. ಇನ್ನ ಎಷ್ಟು ತಾಲೂಕು ಬೇಕ ನಿನಗ?"

"ಅಪ್ಪಾ, ಒಂದು ಹಾಲ್‌ನ್ಯಾಗ ಎರಡು ತಾಸು ಕೇಳಿದ್ರ ಸಾಕು ನನಗ," ಅಂದಳು ಮಗಳು. ದನಿ ಅಷ್ಟು ಹೊತ್ತಿಗೇ ಬಿರುಕು ಬಿಟ್ಟಿತ್ತು.

ನಾನು ಪಕ್ಕದ ಮನೆಯವನು. ಹಿಂದೆ ಊರ ನಾಟಕಗಳಿಗೆ ತಾಲೀಮು ಮಾಡಿಸುತ್ತಿದ್ದವನಾದ್ದರಿಂದ ನನ್ನನ್ನು ಕರೆದು ಕೇಳಿದರು. ನಾನೂ ಅಂದಾನಪ್ಪನ ಪಕ್ಷವನ್ನೇ ಹಿಡಿದೆ. ನಮ್ಮ ಕಾಲದಲ್ಲಿ ಮೈಕು ಕೆಟ್ಟರೆ ನಟರು ಪಕ್ಕದೂರಿಗೂ ಸೇರಿಸಿ ಸಂಭಾಷಣೆ ಹೇಳುತ್ತಿದ್ದರು, ಟಿಕೆಟ್ ತೆಗೆಯದವರು ಮನೆಯಲ್ಲೇ ಮಲಗಿ ಇಡೀ ನಾಟಕ ಕೇಳುತ್ತಿದ್ದರು, ತರಬೇತಿ ಎಲ್ಲಿತ್ತು ಅಂದೆ. ಹುಡುಗಿ ಕೇಳಿದಳು, "ಆ ನಟರು ಈಗ ಹೆಂಗ ಮಾತಾಡ್ತಾರ ಕಾಕಾ?" ಇಬ್ಬರು ಪಿಸುಗುಟ್ಟುತ್ತಾರೆ, ಒಬ್ಬ ಕೈಸನ್ನೆ ಮಾಡುತ್ತಾನೆ. ನಾನು ಚಹಾ ಕುಡಿದು ಎದ್ದು ಬಂದೆ.

ಅವಳು ಒಂದು ವಾರ ಫೋನ್ ಹಿಡಿದು ಕೂತಳು. ಅಭಿನಯ ಕಲಿಸುವ ಕಾಲೇಜುಗಳಿಗೆಲ್ಲ ಒಂದೇ ಪ್ರಶ್ನೆ: ನಿಮ್ಮಲ್ಲಿ ಧ್ವನಿ ತರಬೇತಿ ಇದೆಯೆ, ವಾರಕ್ಕೆ ಎಷ್ಟು ತಾಸು, ಕಲಿಸುವವರು ಯಾರು? ಒಂದು ಕಡೆ, ನಮ್ಮಲ್ಲಿ ಒಳ್ಳೆಯ ಮೈಕ್ ಇದೆ ಅಂದರು. ಇನ್ನೊಂದು ಕಡೆ ಶನಿವಾರ ಸಂಗೀತದ ಮೇಷ್ಟ್ರು ಬರುತ್ತಾರೆ, ಅವರಿಗೆ ಬಿಡುವಿದ್ದರೆ ಅಂದರು. ಮತ್ತೊಬ್ಬರು, ಪ್ರಾಸ್ಪೆಕ್ಟಸ್ಸಿನಲ್ಲಿ ಇದೆ, ಕಾಲೇಜಿನಲ್ಲಿ ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ ಅಂದು ಇನ್ನೂ ನೋಡುತ್ತಿದ್ದಾರೆ. ಕೊನೆಗೆ ಉಳಿದದ್ದು ಎರಡು. ಎರಡಕ್ಕೂ ಹೋಗಿ ಸಂದರ್ಶನ ಕೊಡಬೇಕು. ಅಂದಾನಪ್ಪ ಜೊತೆಗೆ ಹೊರಟ, ನಾಟಕ ಬಲ್ಲವನೆಂದು ನನ್ನನ್ನೂ ಹೊರಡಿಸಿದ.

ಹೊರಡುವಾಗ ಅವನ ಕೈಯಲ್ಲಿ ಸಂತೆಯ ಚೀಲ ಇತ್ತು. ಬುತ್ತಿ ಇರಬೇಕೆಂದುಕೊಂಡೆ. ಮೊದಲ ಕಾಲೇಜಿನಲ್ಲಿ ಮಗಳ ಸರದಿ ಬಂದಾಗ ಅವನೂ ನನ್ನನ್ನು ಎಳೆದುಕೊಂಡು ಒಳಗೆ ನುಗ್ಗಿ, ಮೂವರು ಪರೀಕ್ಷಕರ ಮೇಜಿನ ಮೇಲೆ ಚೀಲ ಬಿಚ್ಚಿದ. ಒಳಗೆ ಹೊಲದ ಸ್ಪೀಕರು.

"ಸರ್ಟಿಫಿಕೇಟ್ ಕೇಳಿದ್ರೆಲ್ಲ ಸರ. ಇದ ನೋಡ್ರಿ," ಅಂದು ಗುಂಡಿ ಒತ್ತಿದ.

ಶಿವರಂಜನಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಆ ಕೋಣೆಯಲ್ಲಿ ಆದದ್ದನ್ನು ನಾನು ಹೆಚ್ಚು ಮಾಡಿ ಹೇಳುವುದಿಲ್ಲ. ಕಿಟಕಿಯಲ್ಲಿದ್ದ ಪಾರಿವಾಳಗಳು ಜಿಲ್ಲೆ ಬದಲಾಯಿಸಿದವು. ಪಕ್ಕದ ಕೋಣೆಯಲ್ಲಿ ಮೂರು ವರ್ಷದಿಂದ ನಿಂತಿದ್ದ ಗಡಿಯಾರ ನಡೆಯತೊಡಗಿತು. ಮುಖ್ಯಸ್ಥರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಇಂಥ ಗಂಟಲಿಗೆ ತರಬೇತಿ ಯಾಕಮ್ಮಾ? ಎರಡೇ ವಾರಕ್ಕೆ ಸ್ಟೇಜ್ ಮೇಲೆ ನಿಲ್ಲಿಸ್ತೇವೆ. ಹಾಸ್ಟೆಲ್ಲೂ ಕೊಡ್ತೇವೆ. ಇಪ್ಪತ್ತನೇ ತಾರೀಖಿನ ಒಳಗೆ ಈ ಫಾರ್ಮ್ ತುಂಬಿ ತಂದು ಸೇರ್ಕೋ."

ಅಂದಾನಪ್ಪ ನನ್ನ ಕಡೆ ನೋಡಿ ಮೀಸೆ ತಿರುವಿದ. ಮಗಳು ಮಾತ್ರ, "ಸರ, ಇಲ್ಲಿ ಕಡೇ ವರ್ಷದಾಗ ಓದೋರು ಯಾರರ ಇದ್ರ ಒಂದೆರಡು ಮಾತಾಡಬಹುದೇನ್ರಿ?" ಅಂತ ಕೇಳಿದಳು. ಒಬ್ಬ ಹುಡುಗನನ್ನು ಕರೆಸಿದರು. ಮುಖ್ಯ ಪಾತ್ರಗಳನ್ನೆಲ್ಲ ಮಾಡುವವನಂತೆ. ಕುತ್ತಿಗೆಗೆ ಮಫ್ಲರು, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು. ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ, ಎರಡಡಿ ದೂರದಲ್ಲಿದ್ದೆ. ಶಿವರಂಜನಿ ಅವನಿಗೆ ಕೈ ಮುಗಿದು ಹೊರಗೆ ಬಂದಳು.

ಎರಡನೇ ಕಾಲೇಜು ಇನ್ನೂ ದೂರ, ನೋಡಲು ಗೊಬ್ಬರದ ಗೋದಾಮಿನ ಹಾಗಿತ್ತು. ಅಲ್ಲಿ ವಾರಕ್ಕೆ ಹತ್ತು ತಾಸು ಬರೀ ಧ್ವನಿಗೆ. ಕಲಿಸುವವರು ಅಭಿಜ್ಞಾ ಎಂಬ ಮೇಡಂ, ಮೂವತ್ತು ದಾಟಿದ ಸಣ್ಣ ಜೀವ. ಅವರು ಮೆಲ್ಲಗೆ ಮಾತಾಡುತ್ತಿದ್ದರು, ಆದರೂ ಹೊರಗೆ ಜಗಲಿಯಲ್ಲಿ ಕೂತ ನನಗೆ ಅಕ್ಷರ ಅಕ್ಷರ ಕೇಳುತ್ತಿತ್ತು. ಅಂದಾನಪ್ಪ ಇಲ್ಲಿಯೂ ಚೀಲ ಬಿಚ್ಚಿ ಗುಂಡಿ ಒತ್ತಿದ.

ಮೇಡಂ ಕಣ್ಣು ಮುಚ್ಚಿ ಐದು ನಿಮಿಷವೂ ಕೇಳಿದರು. ಚಪ್ಪಾಳೆ ಬರಲಿಲ್ಲ.

"ಇದು ನಂಗೆ ಗೊತ್ತು," ಅಂದರು. "ನಮ್ಮನೆ ಹೆಗ್ಗರಣೆ. ದೀಪಾವಳಿಗೆ ಹೋದಾಗ ಬಾಳೆತೋಟದಲ್ಲಿ ಮೂರು ದಿನ ಕೂಗ್ತಾ ಇತ್ತು. ಈ ಹುಡುಗಿ ಯಾರು, ಇವಳಿಗೆ ಎಂತ ಆಗಿದೆ ಅಂತ ಅಪ್ಪನ ಹತ್ರ ಕೇಳಿದ್ದೆ."

"ಹಂಗಾರ ಸೀಟು ಆತು ಬಿಡ್ರಿ," ಅಂದ ಅಂದಾನಪ್ಪ.

"ಇನ್ನೊಂದ್ಸಲ ಹಾಕಿ. ಮೂರನೇ ಹೋಯ್ ಆದ ಮೇಲೆ ಎಂತ ಬರ್ತದೆ, ಅದನ್ನ ಕೇಳಿ."

ಮತ್ತೆ ಹಾಕಿದ. ಮೂರನೆಯ ಹೋಯ್ ಮುಗಿದು 'ಯಾರಲೇ' ಶುರುವಾಗುವ ಮೊದಲು, ಒಂದು ಸಣ್ಣ ಸದ್ದು. ಮಾತ್ರೆಯೊಂದು ಗಂಟಲಲ್ಲಿ ಅಡ್ಡ ನಿಂತಾಗ ಅದನ್ನು ಕಷ್ಟಪಟ್ಟು ನುಂಗಿದ ಹಾಗೆ. ಮತ್ತೆ ಮೂರು ಕೂಗು, ಮತ್ತೆ ಅದೇ ಸದ್ದು.

"ನೋವಿದ್ದವರು ಹೀಗೆ ನುಂಗೋದು. ಐದು ನಿಮಿಷದಲ್ಲಿ ಹನ್ನೊಂದು ಸಲ ನುಂಗಿದಾಳೆ," ಅಂದರು ಮೇಡಂ. ಹುಡುಗಿಯ ಕಡೆ ತಿರುಗಿ, "ಅವತ್ತೇ ನೋವಿತ್ತಾ?" ಅಂತ ಕೇಳಿದರು.

"ಇತ್ರಿ."

"ಹೇಳಬಾರದಾಗಿತ್ತನ ನನಗ?" ಅಂದ ಅಂದಾನಪ್ಪ.

"ನೀ ಏಣಿ ಹಿಡಕೊಂಡು ನಿಂತಿದ್ದೆಪ್ಪಾ. ಇನ್ನೂ ಜೋರು, ಇನ್ನೂ ಜೋರು ಅಂತಿದ್ದಿ."

ಮೇಡಂ ಹೇಳಿದ್ದು ಇಷ್ಟು. ಇವತ್ತಿನಿಂದ ಹದಿನೈದು ದಿನ ಪೂರ್ತಿ ಮೌನ, ಪಿಸುಮಾತೂ ಇಲ್ಲ. ಸೇರಿದ ಮೇಲೆ ಮೊದಲ ಮೂರು ತಿಂಗಳು ರಂಗ ಹತ್ತಿಸುವುದಿಲ್ಲ. ನೆಲದ ಮೇಲೆ ಮಲಗಿಸಿ ಉಸಿರಾಟದಿಂದ ಶುರು. ದನಿ ವಾಪಸ್ಸು ಬರುತ್ತದೆಂದು ಬರೆದು ಕೊಡಲು ಆಗುವುದಿಲ್ಲ, ಆದರೆ ಬರುವ ದಾರಿ ಇದೇ. ಒಪ್ಪಿಗೆ ಇದ್ದರೆ ಅಪ್ಪನ ಸಹಿ ಹಾಕಿಸಿ ಇಪ್ಪತ್ತರೊಳಗೆ ಫಾರ್ಮು ಕಳಿಸಿ.

ಬಸ್ಸಿನಲ್ಲಿ ಅಂದಾನಪ್ಪ ಶಿರಸಿ ಬರುವ ತನಕ ಒಂದೇ ಮಾತು ತಿರುಗಿಸಿ ತಿರುಗಿಸಿ ಆಡಿದ. "ಅಲ್ಲಿ ಎರಡು ವಾರಕ್ಕ ರಾಣಿ ಮಾಡ್ತಾರ. ಇಲ್ಲಿ ಮೂರು ತಿಂಗಳು ಚಾಪಿ ಮ್ಯಾಲ ಕೆಡವತಾರ. ನೀವ ಹೇಳ್ರಿ ಯಾವುದು ಚಲೋ?" ನಾನು ಮೊದಲನೆಯದೇ ಅಂದೆ. ಆ ಫ್ಲಾಸ್ಕಿನ ಹುಡುಗನ ನೆನಪು ಆಮೇಲೆ ಬಂತು. ಶಿವರಂಜನಿ ಫೋನಿನಲ್ಲಿ ಬರೆದು ಅಪ್ಪನ ಕಣ್ಣ ಮುಂದೆ ಹಿಡಿದಳು: ಎರಡನೇದು. ಅಂದಾನಪ್ಪ ಓದಿ ಕಿಟಕಿ ಕಡೆ ತಿರುಗಿದ.

ಆಮೇಲಿನ ಹದಿನೈದು ದಿನ ಆ ಮನೆ ಒಂದು ವಿಚಿತ್ರ. ಹುಡುಗಿ ಮನೆಯೊಳಗೆ ತುಟಿ ಬಿಚ್ಚುವುದಿಲ್ಲ, ಹೊರಗೆ ಇಪ್ಪತ್ತು ಹೊಲದಲ್ಲಿ ಅವಳೇ ಗಂಟಲು ಹರಿದುಕೊಳ್ಳುತ್ತಿದ್ದಾಳೆ. ಸಾವಿತ್ರವ್ವ ಅಡುಗೆಮನೆಯಿಂದ "ರಂಜೂ, ರೊಟ್ಟಿ ಆರಾಕತ್ತಾವು, ಬಾ" ಅಂದರೆ ಹೊಲದಿಂದ ಉತ್ತರ ಬರುತ್ತಿತ್ತು, "ಯಾರಲೇ ಅದು, ಬಂದೆ ನಿಲ್ಲು." ನೆಂಟರು ಯಾರೋ ಮಾತಾಡಿಸಲು ಬಂದವರು ಬಾಗಿಲಲ್ಲೇ ಇದನ್ನು ಕೇಳಿ ಚಪ್ಪಲಿ ಹಾಕಿಕೊಂಡು ವಾಪಸ್ಸು ಹೋದರು.

ಎಂಟನೆಯ ದಿನ ಬೆಳಿಗ್ಗೆ ಅಂದಾನಪ್ಪ ಅನಾನಸ್ ಹೊಲಕ್ಕೆ ಹೋದ. ಹಣ್ಣು ಬಲಿತು ಬಣ್ಣ ತಿರುಗುತ್ತಿದ್ದ ಸಮಯ. ಸ್ಪೀಕರಿನ ಕಂಬದ ಸುತ್ತ ನಾಲ್ಕು ಸಾಲು ಬರಿದಾಗಿತ್ತು, ಅದೂ ಬಹಳ ಶಿಸ್ತಿನಿಂದ. ಕಂಬದ ಬುಡದಲ್ಲಿ ನೆಲ ಉತ್ತು ಮೆತ್ತಗೆ ಮಾಡಿಕೊಂಡು ಒಂದು ತಾಯಿಹಂದಿ ಮಲಗಿತ್ತು, ಪಕ್ಕದಲ್ಲಿ ಏಳು ಮರಿ. ಮೇಲಿನಿಂದ ಶಿವರಂಜನಿ ಬೈಯುತ್ತಿದ್ದಳು. ಮರಿಗಳಿಗೆ ಅದು ಜೋಗುಳ. ಮನುಷ್ಯನನ್ನು ಕಂಡು ತಾಯಿಹಂದಿ ಎದ್ದು ಹೋಯಿತು, ಅದೂ ಬೇಸರದಿಂದ. ಬಳ್ಳಾರಿಗೆ ಹೋದವು ಯಾವಾಗಲೋ ವಾಪಸ್ಸು ಬಂದಿದ್ದವು ಅಂತಾಯಿತು. ಮತ್ತಿಘಟ್ಟದಲ್ಲೂ ಹೆಗ್ಗರಣೆಯಲ್ಲೂ ಇದೇ ಕತೆ ಎಂದು ಮಧ್ಯಾಹ್ನ ರಾಘು ಬೈಕಿನಲ್ಲಿ ಬಂದು ಹೇಳಿದ.

"ಹಳೇ ದನಿ ರೂಢಿ ಆಗಿಬಿಟ್ಟೈತಿ ಅಣ್ಣಾರ. ಹೊಸಾದು ಬೇಕು. ತಂಗಿ ಒಂದ ಐದು ನಿಮಿಷ ಕೂಗಿದ್ರ ಸಾಕು, ಈ ಸಲ ಸ್ವಲ್ಪ ಸಿಟ್ಟು ಜಾಸ್ತಿ ಇರಲಿ."

ಊರಿನವರು ನಾಲ್ಕೈದು ಜನ ಸೇರಿದ್ದರು. ಹಣ್ಣು ಎಲ್ಲರ ಹೊಲದಲ್ಲೂ ಬಣ್ಣ ತಿರುಗಿತ್ತು. ಐದು ನಿಮಿಷಕ್ಕೆ ಏನು ಮಹಾ ಅಂದರು. ಅಂದಾನಪ್ಪ ಮಗಳ ಹತ್ತಿರ ಹೋಗಿ, "ಒಂದ ಸಲ ಕೂಗಿಬಿಡ. ಮತ್ತ ಸುಮ್ಮನ ಕುಂದ್ರವಂತಿ," ಅಂದ. ಅವಳು ಫೋನಿನಲ್ಲಿ ಬರೆದಳು: ಇಲ್ಲ. ಅವನು ಇನ್ನೊಮ್ಮೆ ಕೇಳಿದ. ಅವಳು ಹೊಸದಾಗಿ ಬರೆಯಲಿಲ್ಲ, ಅದೇ ಪರದೆಯನ್ನು ಇನ್ನಷ್ಟು ಹತ್ತಿರ ಹಿಡಿದಳು.

ಸಿಟ್ಟು ಬಂದು ಅಂದಾನಪ್ಪ ಹೊಲಕ್ಕೆ ನಡೆದ. ಸ್ಪೀಕರನ್ನಾದರೂ ಬೇರೆ ಕಂಬಕ್ಕೆ ಕಟ್ಟುವ ವಿಚಾರ. ಬಿಚ್ಚುವ ಮೊದಲು ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡ. ಬಿಸಿಲು ಇಳಿಯುವ ತನಕ ಎದ್ದು ಬರಲಿಲ್ಲ. ಏನಾಯಿತೆಂದು ನೋಡಲು ಸಾವಿತ್ರವ್ವ ಹೋದಳು, ಹಿಂದೆ ನಾನೂ ಹೋದೆ.

"ಕೇಳ ಇಲ್ಲೆ," ಅಂದ ಹೆಂಡತಿಗೆ. "ಮೂರು ಹೋಯ್. ಆಮ್ಯಾಲ."

ಕೇಳಿದಳು.

"ಕೇಳ್ತಾ?"

"ಎರಡು ವರ್ಷದಿಂದ ಕೇಳಾಕತ್ತೇನ್ರಿ. ಮಷೀನಿಂದು ಅನ್ಕೊಂಡಿದ್ದೆ."

"ನಾನೂ ಮಷೀನಿಂದು ಅನ್ಕೊಂಡಿದ್ದೆ," ಅಂದ ಅಂದಾನಪ್ಪ. ಎದ್ದು ಸ್ಪೀಕರಿನ ವಯರು ಎಳೆದ. ಅವನ ಹೊಲ ಸುಮ್ಮನಾಯಿತು. ಆದರೆ ಪಕ್ಕದ ಹೊಲದಿಂದ, ಅದರ ಪಕ್ಕದ್ದರಿಂದ, ಕೆರೆಯ ಆಚೆಯಿಂದ ದನಿ ಬರುತ್ತಲೇ ಇತ್ತು. ಮೂರು ಕೂಗು, ಒಂದು ನುಂಗು. ಒಂದು ಸಲ ಕಿವಿಗೆ ಬಿದ್ದ ಮೇಲೆ ಬೇರೇನೂ ಕೇಳುವುದಿಲ್ಲ. ಆ ಮನುಷ್ಯ ಮನೆಗೆ ಬರುವ ದಾರಿಯಲ್ಲಿ ಪ್ರತಿ ಹೊಲದ ಮುಂದೆ ನಿಂತ. ಮರುದಿನ ಮನೆ ಮನೆಗೆ ಹೋಗಿ, ಆ ದನಿ ತೆಗೆದುಬಿಡಿ, ಹೆಂಗೂ ಹಂದಿ ಹೆದರೂದಿಲ್ಲ ಅಂದ. ರಾಘುವಿಗೆ ಫೋನ್ ಮಾಡಿ, "ಹೊಸ ದನಿ ಬೇಕಂದ್ರ ನೀನ ಕೂಗಪಾ, ಗಂಟಲ ಐತೆಲ್ಲ," ಅಂದ. ರಾಘು ನಿಜಕ್ಕೂ ಕೂಗಿ ತುಂಬಿಸಿ ತಂದ. ಅದನ್ನು ಹಾಕಿದ ಮೊದಲ ದಿನವೇ ಹಂದಿಗಳು ಬಂದು ಯಾರಿಗೆ ಏನು ಕಷ್ಟವಾಗಿದೆಯೋ ಎಂದು ಸುತ್ತ ನಿಂತು ನೋಡಿದವಂತೆ.

ಕಾಲೇಜಿನ ವಿಷಯ ಮಾತ್ರ ಅವನು ಎತ್ತಲಿಲ್ಲ. ಮೇಜಿನ ಮೇಲೆ ಎರಡು ಫಾರ್ಮು, ಎರಡಕ್ಕೂ ಒಂದೇ ಕಡೆಯ ತಾರೀಖು. ಸಾವಿತ್ರವ್ವ ಒರೆಸುವಾಗ ಎರಡನೆಯದನ್ನು ಮೇಲೆ ಇಡುತ್ತಿದ್ದಳು. ಯಾವಾಗಲೋ ಮೊದಲನೆಯದು ಮೇಲೆ ಬರುತ್ತಿತ್ತು. ಹೀಗೇ ಐದಾರು ದಿನ ಹೋಯಿತು.

ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಹೋದರೆ ಅಂದಾನಪ್ಪ ಕನ್ನಡಕ ಹಾಕಿಕೊಂಡು ಕೂತಿದ್ದ. ಮುಂದೆ ಒಂದೇ ಫಾರ್ಮು, ಅಭಿಜ್ಞಾ ಮೇಡಂ ಅವರದು. ಇನ್ನೊಂದನ್ನು ಹುಡುಕುತ್ತಾ ಒಲೆಯ ಕಡೆ ನೋಡಿದೆ, ಸಾವಿತ್ರವ್ವ ಬೇರೆ ಕಡೆ ನೋಡಿದಳು. ಪಾಲಕರ ಸಹಿ ಇರುವಲ್ಲಿ ಅಂದಾನಪ್ಪ ಪೆನ್ನು ಊರಿ, ಸೊಸೈಟಿ ಅಧ್ಯಕ್ಷನ ಚುನಾವಣೆಗೆ ನಿಂತಾಗ ನಾಮಪತ್ರಕ್ಕೆ ಸಹಿ ಮಾಡಿದ್ದಕ್ಕಿಂತ ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದ. ಆದರೆ ಸಹಿ ಮಾಡಿ ಸುಮ್ಮನಿದ್ದರೆ ಅವನು ಅಂದಾನಪ್ಪನೇ ಅಲ್ಲ. ಫಾರ್ಮನ್ನು ಮಗಳ ಕಡೆ ತಳ್ಳುತ್ತಾ ಹೇಳಿದ:

"ಮೂರು ತಿಂಗಳು ಉಸಿರಾಡೂದು ಕಲಿಸ್ತಾರಂತ. ಹುಟ್ಟಿದಾಗಿಂದ ಆಡಾಕತ್ತೀಯಲ್ಲವಾ, ಅದರಾಗ ಏನ ಕಮ್ಮಿ ಬಿದ್ದಿತ್ತು?"

ಹದಿನೈದು ದಿನದ ಗಡುವು ಹಿಂದಿನ ಸಂಜೆಗೆ ಮುಗಿದಿತ್ತು. ಆದರೂ ಅವಳು ಬಾಯಿ ತೆರೆದಿರಲಿಲ್ಲ. ಈಗ ಒಂದು ಗುಟುಕು ನೀರು ಕುಡಿದಳು, ಲೋಟ ಕೆಳಗಿಟ್ಟಳು. ದನಿ ಸಣ್ಣದಾಗಿತ್ತು, ಆದರೆ ಎಲ್ಲಿಯೂ ಒಡೆಯಲಿಲ್ಲ.

"ಹುಟ್ಟಿದಾಗ ಸರೀನ ಆಡ್ತಿದ್ದೆಪ್ಪಾ. ನೀ ಕೂಗಾಕ ಹಚ್ಚಿದ ಮ್ಯಾಲ ಕೆಟ್ಟಿತು."